ತುದಿಗೂದಲಿನ ವಯಸ್ಸು

ಕೂದಲು ಭುಜ ದಾಟಿ ಬೆನ್ನಿನ ಮೇಲೆ ಇಳಿಯತೊಡಗಿದ ಮೇಲೆ ನನಗೆ ಅತಿ ಹೆಚ್ಚು ಎದುರಾಗಿರುವ ಪ್ರಶ್ನೆಯೆಂದರೆ, ಯಾವ ಎಣ್ಣೆ ಹಚ್ಚುತ್ತೀರಿ ಎಂಬುದು. ಒಂದು ಎಣ್ಣೆಯ ಹೆಸರು ಹೇಳಿಬಿಟ್ಟರೆ ಕೇಳಿದವರಿಗೆ ಸಮಾಧಾನವಾಗುತ್ತದೆ, ಆದರೆ ಉದ್ದಕ್ಕೆ ಕಾರಣ ಅದಲ್ಲವೆಂದು ಗೊತ್ತಿದ್ದೂ ಹೇಳಲು ನನಗೆ ಮನಸ್ಸು ಬರುವುದಿಲ್ಲ. ನೆತ್ತಿಯ ಚರ್ಮದೊಳಗಿರುವ ಬುಡವು ದಿನಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, ತಿಂಗಳಿಗೆ ಸರಿಸುಮಾರು ಒಂದು ಸೆಂಟಿಮೀಟರಿನಷ್ಟು ಕೂದಲನ್ನು ತನ್ನ ಪಾಡಿಗೆ ತಾನು ಹೊರದೂಡುತ್ತಿರುತ್ತದೆ. ಈ ವೇಗದಲ್ಲಿ ಒಬ್ಬರಿಂದೊಬ್ಬರಿಗೆ ತುಸು ಹೆಚ್ಚುಕಡಿಮೆ ಇರುತ್ತದೆಯೇ ಹೊರತು, ಮೇಲಿನಿಂದ ಏನನ್ನಾದರೂ ಹಚ್ಚಿ ಅದನ್ನು ಇಮ್ಮಡಿಗೊಳಿಸಲು ಆಗುವುದಿಲ್ಲ. ಕುರುಚಲು ಕೂದಲಿನವರ ತಲೆಯಲ್ಲಿಯೂ ಇದೇ ಬೆಳವಣಿಗೆ ನಡೆಯುತ್ತಿದೆ, ಸೊಂಟದವರೆಗೆ ಕೂದಲು ಬಿಟ್ಟವರ ತಲೆಯಲ್ಲಿಯೂ ಇದೇ ನಡೆಯುತ್ತಿದೆ. ಅವರಿಬ್ಬರ ನಡುವಿನ ವ್ಯತ್ಯಾಸವಿರುವುದು ಬೆಳೆದದ್ದರಲ್ಲಿ ಎಷ್ಟು ಉಳಿಯಿತು ಎಂಬುದರಲ್ಲಿ.

ಈ ಮಾತಿಗೆ ಅತ್ಯಂತ ಒಳ್ಳೆಯ ಉದಾಹರಣೆ ಗಿನ್ನೆಸ್ ವಿಶ್ವದಾಖಲೆಯ ಪುಟಗಳಲ್ಲೇ ಇದೆ. ಚೀನಾದ ಶಿಯೆ ಚಿಯುಪಿಂಗ್ ಅವರ ಕೂದಲನ್ನು 2004ರ ಮೇ ತಿಂಗಳಿನಲ್ಲಿ ಅಳೆದಾಗ ಅದರ ಉದ್ದ 5.627 ಮೀಟರ್ ಇತ್ತು. ಅವರು 1973ರಲ್ಲಿ, ಹದಿಮೂರನೆಯ ವಯಸ್ಸಿನಿಂದ ಕೂದಲು ಬೆಳೆಸುತ್ತ ಬಂದವರು. ಆ ಉದ್ದವನ್ನು ಅಷ್ಟು ವರ್ಷಗಳಿಗೆ ಭಾಗಿಸಿ ನೋಡಿದರೆ ತಿಂಗಳಿಗೆ ಸಿಗುವುದು ಒಂದೂವರೆ ಸೆಂಟಿಮೀಟರ್, ಅಂದರೆ ನಮ್ಮ ನಿಮ್ಮ ಕೂದಲಿನ ವೇಗದ ಸುಮಾರು ಒಂದೂವರೆ ಪಟ್ಟು ಮಾತ್ರ. ಅಲ್ಲಿನ ಅಚ್ಚರಿಯೆಂದರೆ ಆ ಕೂದಲು ದಶಕಗಳ ಕಾಲ ಉದುರದೆ ಬುಡದಲ್ಲಿ ನಿಂತದ್ದು. ಸಾಮಾನ್ಯವಾಗಿ ಒಂದೊಂದು ಕೂದಲೂ ಎರಡರಿಂದ ಆರೇಳು ವರ್ಷ ಬೆಳೆಯುತ್ತದೆ, ಬಳಿಕ ಎರಡು ಮೂರು ವಾರಗಳಲ್ಲಿ ಅದರ ಬುಡ ಕುಗ್ಗುತ್ತದೆ, ಮುಂದೆ ಸುಮಾರು ಮೂರು ತಿಂಗಳು ಸುಮ್ಮನೆ ನಿಂತಿದ್ದು ಉದುರಿ, ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಬೆಳೆಯುವ ಅವಧಿ ಎಷ್ಟೆಂಬುದನ್ನು ಹುಟ್ಟುವಾಗಲೇ ಪಡೆದು ಬಂದಿರುತ್ತೇವೆ. ಮೂರು ವರ್ಷದ ಅವಧಿಯವರ ಕೂದಲು ಬೆನ್ನಿನ ನಡುವಿಗೆ ಬಂದು ನಿಲ್ಲುವುದನ್ನು ಯಾವ ಆರೈಕೆಯೂ ತಪ್ಪಿಸಲಾರದು. ಹಾಗೆಂದು ನಿರಾಶರಾಗಬೇಕಿಲ್ಲ, ಏಕೆಂದರೆ ನಮ್ಮಲ್ಲಿ ಬಹುತೇಕರ ಕೂದಲು ಆ ಸಹಜ ಮಿತಿಯನ್ನು ಮುಟ್ಟುವ ಎಷ್ಟೋ ಮೊದಲೇ ನಡುವಿನಲ್ಲಿ ಮುರಿದು ಹೋಗಿರುತ್ತದೆ.

ಉದುರುವುದು ಬೇರೆ, ಮುರಿಯುವುದು ಬೇರೆ. ಈ ಭೇದವನ್ನು ಕಣ್ಣಿನಿಂದ ಗುರುತಿಸಲು ಕಲಿತ ದಿನದಿಂದ ಕೂದಲಿನ ಕುರಿತ ಅರ್ಧ ಆತಂಕ ದೂರವಾಗುತ್ತದೆ ಎಂಬುದು ನನ್ನ ಅನುಭವ. ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಉಂಡೆ ಮಾಡಿ ಎಸೆಯುವ ಮೊದಲು ಒಂದೊಂದಾಗಿ ಬಿಡಿಸಿ ಬಿಳಿಯ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಪೂರ್ತಿ ಉದ್ದವಿದ್ದು, ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿಯ ಗುಬುಟು ಇದ್ದರೆ ಅದು ತನ್ನ ಅವಧಿ ಮುಗಿಸಿ ಬುಡದಿಂದ ಕಳಚಿದ ಕೂದಲು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುವಾಗ ದಿನಕ್ಕೆ 50ರಿಂದ 100 ಹೀಗೆ ಕಳಚುವುದು ತೀರ ಸಹಜ, ಮತ್ತು ಕೂದಲು ಉದ್ದವಾದಷ್ಟೂ ಅಷ್ಟೇ ಸಂಖ್ಯೆಯ ಕೂದಲು ದೊಡ್ಡ ಉಂಡೆಯಾಗಿ ಕಂಡು ಹೆದರಿಸುತ್ತದೆ. ಗುಬುಟಿಲ್ಲದ, ಬೆರಳುದ್ದದ ತುಂಡುಗಳು ಕಂಡರೆ ಕಥೆಯೇ ಬೇರೆ. ಅವು ಮುರಿದವು, ಮುರಿದದ್ದಕ್ಕೆ ನಮ್ಮ ಕೈ, ನಮ್ಮ ಬಾಚಣಿಗೆ, ನಮ್ಮ ಟವೆಲ್, ನಮ್ಮ ರಬ್ಬರ್‌ಬ್ಯಾಂಡ್ ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಮೊದಲನೆಯದಕ್ಕೆ ಮಾಡುವ ಮದ್ದನ್ನು ಎರಡನೆಯದಕ್ಕೆ ಮಾಡಿ ಫಲ ಕಾಣದೆ ಬೇಸತ್ತವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ತುಂಡಾಗುತ್ತಿರುವ ಕೂದಲಿಗೆ ನೆತ್ತಿ ತಿಕ್ಕುವುದರಿಂದ ಏನೂ ಆಗುವುದಿಲ್ಲ.

ಮುರಿಯುವುದು ಏಕೆಂದು ತಿಳಿಯಬೇಕಾದರೆ ಕೂದಲಿನ ವಯಸ್ಸನ್ನು ಲೆಕ್ಕ ಹಾಕಬೇಕು. ನೆತ್ತಿಯಿಂದ 60 ಸೆಂಟಿಮೀಟರ್ ದೂರದಲ್ಲಿರುವ ತುದಿ ಹೊರಬಂದು ನಾಲ್ಕೈದು ವರ್ಷಗಳಾಗಿರುತ್ತವೆ. ಅಷ್ಟು ವರ್ಷಗಳ ಬಿಸಿಲು, ನೀರು, ಬಾಚಣಿಗೆಯ ಹಲ್ಲು, ದಿಂಬಿನ ತಿಕ್ಕಾಟ ಎಲ್ಲವನ್ನೂ ಅದು ಕಂಡಿದೆ, ಮತ್ತು ಅದಕ್ಕೆ ಜೀವವಿಲ್ಲವಾದ್ದರಿಂದ ಆದ ಗಾಯವನ್ನು ತಾನೇ ಮಾಯಿಸಿಕೊಳ್ಳಲಾರದು. ಕೂದಲಿನ ಒಳಗಿರುವುದು ಕೆರಾಟಿನ್ ಎಂಬ ಪ್ರೊಟೀನಿನ ನಾರು. ಅದರ ಸುತ್ತ ಚಪ್ಪಟೆಯಾದ ತೆಳು ಪೊರೆಗಳು ಒಂದನ್ನೊಂದು ಅರ್ಧ ಮುಚ್ಚಿಕೊಂಡು, ಬಾಯನ್ನು ತುದಿಯ ಕಡೆಗೆ ಮಾಡಿ ಸಾಲಾಗಿ ಕೂತಿರುತ್ತವೆ. ಒಂದು ಕೂದಲನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆದು ನೋಡಿ, ನುಣುಪಾಗಿ ಜಾರುತ್ತದೆ. ಅದನ್ನೇ ತುದಿಯಿಂದ ಬುಡಕ್ಕೆ ಎಳೆದರೆ ಸಣ್ಣಗೆ ತಡೆಯುತ್ತದೆ, ಕೆಲವೊಮ್ಮೆ ಕಿರ್ರೆಂಬ ಸದ್ದೂ ಕೇಳಿಸುತ್ತದೆ. ಆ ಪೊರೆಗಳ ಅಂಚು ಬೆರಳಿಗೆ ತಗಲುವ ಬಗೆ ಅದು. ಹೊಸ ಕೂದಲಿನ ಪೊರೆಗಳ ಮೇಲೆ ಕೊಬ್ಬಿನ ಆಮ್ಲವೊಂದರ ಅತಿ ತೆಳುವಾದ ಲೇಪವಿದ್ದು, ನೀರನ್ನು ದೂರವಿಡುವುದೂ ಕೂದಲು ಕೂದಲಿಗೆ ತಾಗಿದರೆ ಜಾರುವಂತೆ ಮಾಡುವುದೂ ಅದೇ. ಬಣ್ಣಗೆಡಿಸುವ ಬ್ಲೀಚು ಇದನ್ನು ಒಂದೇ ಸಲಕ್ಕೆ ಕಿತ್ತುಹಾಕುತ್ತದೆ, ದಿನನಿತ್ಯದ ಬಳಕೆ ನಿಧಾನವಾಗಿ ಸವೆಸುತ್ತದೆ. ಬುಡದ ಕಡೆ ಹೊಳೆಯುವ ಕೂದಲು ತುದಿಯಲ್ಲಿ ಮಂಕಾಗಿ, ಒರಟಾಗಿ, ಬೇಗ ಸಿಕ್ಕಾಗುವುದು ಇದರಿಂದಲೇ. ಹಾಗಾಗಿ ತುದಿಗೂದಲನ್ನು ನಾನು ಬಹಳ ವರ್ಷ ಉಟ್ಟು ಒಗೆದ ಬಟ್ಟೆಯಂತೆ ನೋಡಿಕೊಳ್ಳುತ್ತೇನೆ. ಅದನ್ನು ಯಾರೂ ಹೊಸ ಬಟ್ಟೆಯಂತೆ ಉಜ್ಜಿ ಹಿಂಡುವುದಿಲ್ಲ.

ಇಲ್ಲಿಂದ ಮುಂದೆ ಆರೈಕೆಯ ಕ್ರಮ ಬಹುಮಟ್ಟಿಗೆ ತಾನಾಗಿ ಹೊಳೆಯುತ್ತದೆ. ನೆತ್ತಿ ಜೀವವಿರುವ ಚರ್ಮ: ಬೆವರುತ್ತದೆ, ಜಿಡ್ಡು ಸುರಿಸುತ್ತದೆ, ಕೊಳೆಯಾಗುತ್ತದೆ, ಅದಕ್ಕೆ ತೊಳೆಯುವಿಕೆ ಬೇಕು. ಕೆಳಗಿಳಿದ ಕೂದಲು ಜೀವವಿಲ್ಲದ ನಾರು, ಅದಕ್ಕೆ ಬೇಕಾದದ್ದು ತಿಕ್ಕಾಟದಿಂದ ರಕ್ಷಣೆ. ಒಂದೇ ತಲೆಯ ಮೇಲಿದ್ದರೂ ಎರಡರ ಅಗತ್ಯ ತದ್ವಿರುದ್ಧ. ಶಾಂಪೂವನ್ನು ಅಂಗೈಯಲ್ಲಿ ನೀರಿನೊಂದಿಗೆ ಕಲಸಿ ನೆತ್ತಿಗೆ ಮಾತ್ರ ಹಾಕಿ, ಉಗುರು ತಾಗಿಸದೆ ಬೆರಳ ತುದಿಯಿಂದ ಉಜ್ಜಿ, ನೊರೆ ಕೆಳಗಿಳಿಯುವಾಗ ಉಳಿದ ಕೂದಲಿಗೆ ತಾಗಿದ್ದೇ ಸಾಕೆಂದು ಬಿಡಬೇಕು. ಉದ್ದಗೂದಲನ್ನೆಲ್ಲ ತಲೆಯ ಮೇಲೆ ರಾಶಿ ಹಾಕಿಕೊಂಡು ಉಜ್ಜಿದರೆ ಪೊರೆಗಳ ಅಂಚುಗಳು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತವೆ, ಆ ಗಂಟನ್ನು ಬಿಡಿಸುವಾಗ ಒಂದಿಷ್ಟು ಕೂದಲು ಹೋಗಿಯೇ ಹೋಗುತ್ತದೆ. ಕಂಡೀಷನರಿನದು ಇದಕ್ಕೆ ಪೂರ್ತಿ ತಿರುವುಮುರುವು: ಅದು ಕಿವಿಯಿಂದ ಕೆಳಗಿನ ಕೂದಲಿಗೆ. ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚಿರುತ್ತದೆ. ಕಂಡೀಷನರಿನಲ್ಲಿ ಧನ ವಿದ್ಯುದಂಶವುಳ್ಳ ಅಣುಗಳಿರುವುದರಿಂದ ಅವು ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿಗೇ ಹೋಗಿ ಹೆಚ್ಚಾಗಿ ಅಂಟಿಕೊಂಡು, ಕಳೆದುಹೋದ ಲೇಪದ ಕೆಲಸವನ್ನು ಮುಂದಿನ ತಲೆಸ್ನಾನದವರೆಗೆ ಮಾಡುತ್ತವೆ. ಕಂಡೀಷನರ್ ಕೂದಲಿಗೆ ಆಹಾರ ಕೊಡುತ್ತದೆ ಎಂಬ ಜಾಹೀರಾತಿನ ಮಾತಿಗೆ ಅರ್ಥವಿಲ್ಲದಿದ್ದರೂ, ಕೂದಲು ಉಳಿಸುವ ವಸ್ತುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ಇಟ್ಟುಕೊಳ್ಳುವುದು ಅದನ್ನೇ. ಅದರಲ್ಲಿ ಸಿಲಿಕೋನ್ ಇದ್ದರೆ ಕೂದಲು ಉಸಿರುಗಟ್ಟುತ್ತದೆ ಎಂಬ ಹೆದರಿಕೆಯೂ ಬೇಡ, ಉಸಿರಾಡದ ವಸ್ತುವಿಗೆ ಉಸಿರುಗಟ್ಟುವ ಪ್ರಶ್ನೆಯೇ ಏಳುವುದಿಲ್ಲ. ಸಿಲಿಕೋನ್ ಪದರ ಕಟ್ಟಿ ಕೂದಲು ಜೋತುಬಿದ್ದಂತೆ ಕಂಡರೆ ಒಮ್ಮೆ ಚೆನ್ನಾಗಿ ತೊಳೆದರಾಯಿತು.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂಬುದನ್ನು ನೆತ್ತಿಯನ್ನೇ ಕೇಳಬೇಕು. ಉದ್ದಗೂದಲಿನ ಆಸೆಯಿಂದ ತಲೆಸ್ನಾನವನ್ನು ವಾರಗಟ್ಟಲೆ ಮುಂದೂಡುವ ಒಂದು ಪರಿಪಾಠವಿದೆ. ನೆತ್ತಿ ಒಣಗಿರುವವರಿಗೆ, ಗುಂಗುರು ಕೂದಲಿನವರಿಗೆ ಅದು ಒಗ್ಗಬಹುದು, ಏಕೆಂದರೆ ಗುಂಗುರಿನ ತಿರುವುಗಳಲ್ಲಿ ನೆತ್ತಿಯ ಜಿಡ್ಡು ಸುಲಭವಾಗಿ ಕೆಳಗಿಳಿಯುವುದಿಲ್ಲ. ಜಿಡ್ಡುನೆತ್ತಿಯವರಿಗೆ ಮಾತ್ರ ಅದು ತುರಿಕೆಯನ್ನೂ ಹೊಟ್ಟನ್ನೂ ತರುತ್ತದೆ. ಹೊಟ್ಟಿನೊಂದಿಗೆ ತಳುಕು ಹಾಕಿಕೊಂಡಿರುವ ಮಲಸೇಜಿಯಾ ಎಂಬ ಶಿಲೀಂಧ್ರ ಎಲ್ಲರ ಚರ್ಮದ ಮೇಲೂ ಇರುವಂಥದೇ. ತನಗೆ ಬೇಕಾದ ಕೊಬ್ಬಿನ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದ ಅದು ನೆತ್ತಿಯ ಜಿಡ್ಡನ್ನೇ ನೆಚ್ಚಿ ಬದುಕುತ್ತದೆ. ಹೊಟ್ಟಿರುವ ನೆತ್ತಿಗೆ ಎಣ್ಣೆ ಸುರಿದು ರಾತ್ರಿಯಿಡೀ ಬಿಡುವುದರಿಂದ ಉದುರುವ ಹೊಟ್ಟು ಅಂಟಿಕೊಂಡು ಕೆಲವು ಗಂಟೆಗಳ ಮಟ್ಟಿಗೆ ಮರೆಯಾಗುತ್ತದೆ, ಕಾರಣ ಮಾತ್ರ ಇನ್ನಷ್ಟು ಗಟ್ಟಿಯಾಗುತ್ತದೆ. ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕವಿರುವ ಶಾಂಪೂವನ್ನು ಹೇಳಿದಷ್ಟು ಹೊತ್ತು ನೆತ್ತಿಯ ಮೇಲೆ ಬಿಟ್ಟು ತೊಳೆದರೆ ಆಗುವ ಕೆಲಸ ಎಣ್ಣೆಯಿಂದ ಆಗುವುದಿಲ್ಲ.

ಹಾಗಾದರೆ ಎಣ್ಣೆಯ ಉಪಯೋಗವೇ ಇಲ್ಲವೇ ಎಂದರೆ, ಇದೆ, ಆದರೆ ನಾವು ಹುಡುಕುವ ಜಾಗದಲ್ಲಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಈ ಮೂರನ್ನು ಹೋಲಿಸಿದಾಗ, ಕೂದಲಿನಿಂದ ಪ್ರೊಟೀನ್ ನಷ್ಟವಾಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು ಮತ್ತು ನೇರವಾದದ್ದು, ಆದ್ದರಿಂದ ಅದು ನಾರಿನ ಒಳಕ್ಕೆ ಇಳಿಯಬಲ್ಲದು. ಕೂದಲು ನೀರಿನಲ್ಲಿ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಈ ಉಬ್ಬುಕುಗ್ಗಾಟವೇ ವರ್ಷಗಳು ಕಳೆದಂತೆ ಪೊರೆಗಳನ್ನು ಸಡಿಲಗೊಳಿಸುತ್ತದೆ. ಒಳಗೆ ಇಳಿದ ಎಣ್ಣೆ ಆ ಉಬ್ಬುವಿಕೆಯನ್ನು ತಗ್ಗಿಸುತ್ತದೆ. ಎಣ್ಣೆಯ ಕೆಲಸ ಕೂದಲಿನ ಕೆಳಭಾಗಕ್ಕೆ, ಅದೂ ತೊಳೆಯುವುದಕ್ಕೆ ಮುಂಚೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಂಗೈಗೆ ಸವರಿಕೊಂಡ ಕೆಲವೇ ಹನಿ ಸಾಕು, ಕೂದಲು ತೊಟ್ಟಿಕ್ಕುವಷ್ಟು ಹಚ್ಚಿದರೆ ಅದನ್ನು ತೆಗೆಯಲು ಎರಡೆರಡು ಸಲ ಶಾಂಪೂ ಹಾಕಬೇಕಾಗಿ, ಗಳಿಸಿದ್ದೆಲ್ಲ ಅಲ್ಲೇ ಕಳೆದುಹೋಗುತ್ತದೆ. ಕೆಲವರಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲು ಬಿರುಸಾದಂತೆ ಅನ್ನಿಸುತ್ತದೆ. ಹಾಗನ್ನಿಸಿದವರು ಅದನ್ನು ಬಿಟ್ಟು ಕಂಡೀಷನರನ್ನೇ ನೆಚ್ಚಿಕೊಂಡರೆ ಯಾವ ನಷ್ಟವೂ ಇಲ್ಲ.

ನನ್ನ ಮಟ್ಟಿಗೆ ಕೂದಲಿನ ಭವಿಷ್ಯ ಹೆಚ್ಚಾಗಿ ತೀರ್ಮಾನವಾಗುವುದು ಬಾಟಲಿಗಳಿಂದಲ್ಲ, ಸಿಕ್ಕು ಬಿಡಿಸುವ ಆ ಕೆಲವು ನಿಮಿಷಗಳಲ್ಲಿ. ಒದ್ದೆ ಕೂದಲಿನಲ್ಲಿ ನಾರಿನೊಳಗಿನ ಹೈಡ್ರೋಜನ್ ಬಂಧಗಳು ನೀರಿನಿಂದ ಬಿಟ್ಟುಕೊಂಡಿರುವುದರಿಂದ ಅದು ಸುಲಭವಾಗಿ ಹಿಗ್ಗುತ್ತದೆ. ಉದ್ದದ ಶೇಕಡಾ 30ರವರೆಗೆ ಹಿಗ್ಗಿದರೂ ಮೊದಲಿನಂತಾಗಬಹುದು, ಅದನ್ನು ಮೀರಿದರೆ ಒಳಗೆ ಶಾಶ್ವತವಾದ ಹಾನಿಯಾಗುತ್ತದೆ, ಮತ್ತು ಗಂಟಿನ ಮೇಲೆ ಬಾಚಣಿಗೆ ಹಾಕಿ ಜಗ್ಗಿದಾಗ ಒಂದೆರಡು ಎಳೆಗಳ ಮೇಲೆ ಬೀಳುವ ಎಳೆತ ಅದನ್ನು ಮೀರುವುದು ಅಪರೂಪವೇನಲ್ಲ. ಆದ್ದರಿಂದ ನೇರ ಕೂದಲಿನವರು ಮುಕ್ಕಾಲು ಒಣಗುವವರೆಗೆ ಕಾಯುವುದು ಒಳ್ಳೆಯದು. ಗುಂಗುರು ಕೂದಲಿನವರಿಗೆ ಈ ನಿಯಮ ಒಗ್ಗದು. ಒಣಗಿದ ಗುಂಗುರನ್ನು ಬಾಚುವುದೆಂದರೆ ಎಳೆಎಳೆಯನ್ನೂ ಇನ್ನೊಂದರ ಮೇಲೆ ಉಜ್ಜಿದಂತೆ, ಅವರು ತಲೆಗೆ ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದಲೋ ಬೆರಳಿನಿಂದಲೋ ಸಿಕ್ಕು ಬಿಡಿಸಿಕೊಳ್ಳಬೇಕು. ಯಾರೇ ಆದರೂ ಶುರು ಮಾಡಬೇಕಾದದ್ದು ತುದಿಯಿಂದ. ತುದಿಯ ನಾಲ್ಕು ಬೆರಳಗಲ ಬಿಡಿಸಿ, ಆಮೇಲೆ ಅದರ ಮೇಲಿನ ಭಾಗ, ಆಮೇಲೆ ಇನ್ನೂ ಮೇಲೆ. ಬಿಡಿಸುವ ಜಾಗದ ಮೇಲ್ಭಾಗವನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡರೆ ಬಾಚಣಿಗೆಯ ಎಳೆತ ಬುಡದವರೆಗೆ ಹೋಗುವುದಿಲ್ಲ. ಗಟ್ಟಿ ಗಂಟು ಸಿಕ್ಕಿದರೆ ಬಾಚಣಿಗೆ ಕೆಳಗಿಟ್ಟು, ಗಂಟಿನ ಮೇಲೆ ಒಂದು ಹನಿ ಎಣ್ಣೆ ಸವರಿ, ಅದರೊಳಗಿನಿಂದ ಒಂದೊಂದೇ ಎಳೆಯನ್ನು ಪಕ್ಕಕ್ಕೆ ಎಳೆದು ತೆಗೆಯಬೇಕು. ಹೊರಗಿನಿಂದ ಕೆದಕಿದರೆ ಗಂಟು ಬಿಗಿಯುತ್ತದೆ, ಒಳಗಿನಿಂದ ಬಿಡಿಸಿದರೆ ಸಡಿಲವಾಗುತ್ತದೆ. ಹೊರಡುವ ಗಡಿಬಿಡಿಯಲ್ಲಿ ಈ ತಾಳ್ಮೆ ಯಾರಿಗೂ ಇರುವುದಿಲ್ಲ, ಹಾಗಾಗಿ ಗಡಿಬಿಡಿಯ ದಿನ ಸಿಕ್ಕನ್ನು ಹಾಗೇ ಬಿಟ್ಟು ತುರುಬು ಕಟ್ಟಿಕೊಂಡು ಹೊರಡುವುದು ಲೇಸು.

ಒಣಗಿಸುವ ವಿಷಯದಲ್ಲಿ ಬಹುಕಾಲದಿಂದ ಬಂದ ಒಂದು ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಹೇರ್ ಡ್ರೈಯರ್ ಮುಟ್ಟದೆ ತಾನಾಗಿ ಒಣಗಲು ಬಿಡುವುದೇ ಕೂದಲಿಗೆ ಕ್ಷೇಮ ಎಂದು ಎಲ್ಲರೂ ಹೇಳುತ್ತಾರೆ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 15 ಸೆಂಟಿಮೀಟರ್ ದೂರದಿಂದ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಡ್ರೈಯರ್ ಹಿಡಿದಾಗ, ತಾನಾಗಿ ಒಣಗಿದ ಕೂದಲಿಗಿಂತ ಕಡಿಮೆ ಹಾನಿ ಕಂಡುಬಂದಿತ್ತು. ಬಿಸಿ ಹೆಚ್ಚಾದಂತೆ ಹೊರಪೊರೆ ಹಾಳಾಗುವುದು ನಿಜವಾದರೂ, ಗಂಟೆಗಟ್ಟಲೆ ಒದ್ದೆಯಾಗಿ ಉಬ್ಬಿಕೊಂಡೇ ಇರುವುದೂ ಒಳಗಿನ ಜೋಡಣೆಗೆ ಒಳ್ಳೆಯದಲ್ಲ. ಮೊಣಕೈವರೆಗೆ ಬರುವ ದಟ್ಟ ಕೂದಲು ಅರ್ಧ ದಿನವಾದರೂ ಒಣಗದಿರುವಾಗ, ಮೃದುವಾದ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ನೆತ್ತಿಯ ಭಾಗಕ್ಕೆ ಮಾತ್ರ ಹದವಾದ ಗಾಳಿ ಕೊಡುವುದು ನನಗೆ ಹೊಂದಿದ ಮಧ್ಯಮಾರ್ಗ. ಟವೆಲಿನಿಂದ ಗಸಗಸ ತಿಕ್ಕುವುದು ಮತ್ತು ಒದ್ದೆ ಕೂದಲಿನ ಮೇಲೆ ಕಾದ ಇಸ್ತ್ರಿ ಎಳೆಯುವುದು, ಇವೆರಡಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಎರಡನೆಯದರಲ್ಲಿ ನಾರಿನೊಳಗಿನ ನೀರು ಕುದಿದು ಗುಳ್ಳೆಯೆದ್ದು ಕೂದಲು ಅಲ್ಲಿಯೇ ಮುರಿಯುತ್ತದೆ.

ಕಟ್ಟುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಟ್ಟುಕೊಂಡ ಕೂದಲು ಚೀಲದ ಪಟ್ಟಿಗೆ, ಕುರ್ಚಿಯ ಬೆನ್ನಿಗೆ, ಅಂಗಿಯ ಗುಂಡಿಗೆ ಸಿಕ್ಕಿಕೊಂಡು ಸವೆಯುತ್ತದೆ, ಸಡಿಲವಾಗಿ ಹೆಣೆದ ಜಡೆ ಹಗಲಿಗೂ ರಾತ್ರಿಗೂ ಒಳ್ಳೆಯ ರಕ್ಷಣೆ. ಆದರೆ ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ, ದಿನವೂ ಒಂದೇ ಜಾಗದಲ್ಲಿ ಕಟ್ಟಿದರೆ ಹಣೆಯಂಚಿನ ಮತ್ತು ಕಿವಿಯ ಮುಂಭಾಗದ ಕೂದಲು ತೆಳುವಾಗತೊಡಗುತ್ತದೆ. ಆರಂಭದಲ್ಲೇ ಬಿಗಿತ ಬಿಟ್ಟರೆ ಮತ್ತೆ ಬೆಳೆಯುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬುಡವೇ ನಶಿಸಿ ಅಲ್ಲಿ ಮುಂದೆಂದೂ ಕೂದಲು ಬರುವುದಿಲ್ಲ. ಕಟ್ಟಿದ ಮೇಲೆ ತಲೆ ನೋಯುತ್ತಿದ್ದರೆ ಅದನ್ನು ಅಭ್ಯಾಸವಾಗುತ್ತದೆ ಎಂದು ಸಹಿಸಬಾರದು.

ಇನ್ನು, ಬೆಳೆಸಲು ಹೊರಟವರಲ್ಲಿ ಬಹುಪಾಲು ಜನ ಸೋಲುವುದು ಕಿವಿ ಮುಚ್ಚಿ, ಭುಜ ಮುಟ್ಟದ ಆ ನಡುವಿನ ಅವಸ್ಥೆಯಲ್ಲಿ. ಕಟ್ಟಿದರೆ ನಿಲ್ಲದು, ಬಿಟ್ಟರೆ ಕಣ್ಣಿಗೆ ಬೀಳುತ್ತದೆ, ಭುಜಕ್ಕೆ ತಗಲಿ ತುದಿ ಹೊರಕ್ಕೆ ಮಡಚಿಕೊಳ್ಳುತ್ತದೆ, ಕಂಡವರೆಲ್ಲ ಯಾವಾಗ ಕತ್ತರಿಸುತ್ತೀರಿ ಎಂದು ವಿಚಾರಿಸುತ್ತಾರೆ. ಆಗ ಹೊಸ ಹೊಸ ಬಾಟಲಿಗಳನ್ನು ಕೊಳ್ಳಬೇಕೆನ್ನಿಸುತ್ತದೆ, ಕೊಂಡರೂ ಆ ಅವಸ್ಥೆ ಒಂದು ವಾರವೂ ಮೊದಲೇ ಮುಗಿಯುವುದಿಲ್ಲ. ಒಂದೆರಡು ಕ್ಲಿಪ್ಪು, ಒಂದು ಅಗಲ ಪಟ್ಟಿ ಮತ್ತು ಕತ್ತಿನ ಹಿಂದಿನ ಅಂಚನ್ನು ಮಾತ್ರ ಸರಿಮಾಡಿಕೊಡುವ ಒಬ್ಬ ಒಳ್ಳೆಯ ಕ್ಷೌರಿಕ ಇದ್ದರೆ ಸಾಕು.

ತನಗೊಪ್ಪುವ ಕ್ರಮವನ್ನು ಕಂಡುಕೊಳ್ಳುವುದಕ್ಕೆ ಸಮಯ ಹಿಡಿಯಲು ಕಾರಣ ಕೂದಲಿನದೇ ನಿಧಾನ. ಹೊಸ ಶಾಂಪೂ ನೆತ್ತಿಗೆ ಒಗ್ಗಿತೇ ಎಂಬುದು ಕೆಲವು ವಾರಗಳಲ್ಲಿ ತಿಳಿದೀತು, ಆದರೆ ತುದಿ ಮುರಿಯುವುದು ಕಡಿಮೆಯಾಯಿತೇ ಎಂಬುದಕ್ಕೆ ತಿಂಗಳುಗಳೇ ಬೇಕು. ಶಾಂಪೂ, ಎಣ್ಣೆ, ಬಾಚಣಿಗೆ, ದಿಂಬಿನ ಹೊದಿಕೆ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಆದ ಒಳಿತಿಗಾಗಲಿ ಕೆಡುಕಿಗಾಗಲಿ ಯಾವುದು ಕಾರಣವೆಂದು ಹೇಳಲಾಗದು. ನಾನು ಒಂದನ್ನು ಬದಲಿಸಿ, ಉಳಿದದ್ದನ್ನು ಹಾಗೇ ಇಟ್ಟು ನೋಡುತ್ತ ಬಂದೆ, ಮತ್ತು ಹಾಗೆ ನೋಡುತ್ತ ಹೋದಂತೆ ಪಟ್ಟಿ ಬೆಳೆಯುವುದರ ಬದಲು ಕಿರಿದಾಯಿತು. ನೀರು ಬದಲಾದಾಗಲೂ ಕ್ರಮ ಬದಲಾಗುತ್ತದೆ ಎಂಬುದನ್ನು ಇಲ್ಲಿ ಸೇರಿಸಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಲವಣಗಳು ಕೂದಲಿನ ಮೇಲೆ ಕೂತು ಎಷ್ಟು ತೊಳೆದರೂ ಒರಟುತನ ಉಳಿಯುತ್ತದೆ, ಅದಕ್ಕೆ ಲವಣ ತೆಗೆಯುವ ಶಾಂಪೂವನ್ನು ಆಗೀಗ ಬಳಸಬೇಕೇ ಹೊರತು ಕಂಡೀಷನರನ್ನು ದೂರಿ ಫಲವಿಲ್ಲ. ಸುಸ್ತಾದ ದಿನವೂ ಮಾಡಲು ಸಾಧ್ಯವಾಗುವಷ್ಟು ಸರಳವಾಗಿರದ ಯಾವ ಕ್ರಮವನ್ನೂ ನಾನೀಗ ನಂಬುವುದಿಲ್ಲ.

ಮಾತ್ರೆಗಳ ಬಗ್ಗೆ ಎರಡೇ ಮಾತು. ದೇಹದಲ್ಲಿ ಬಯೋಟಿನ್ ಎಂಬ ಬಿ ಜೀವಸತ್ವದ ಕೊರತೆ ಇಲ್ಲದವರಿಗೆ ಬಯೋಟಿನ್ ಮಾತ್ರೆ ಕೂದಲು ಬೆಳೆಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಮತ್ತು ಹೆಚ್ಚಿನ ಪ್ರಮಾಣದ ಬಯೋಟಿನ್ ರಕ್ತಪರೀಕ್ಷೆಯ ಫಲಿತಾಂಶಗಳನ್ನು, ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯನ್ನೂ ಸೇರಿಸಿ, ದಾರಿತಪ್ಪಿಸಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲೇ ಎಚ್ಚರಿಸಿದೆ. ಜ್ವರ, ಹೆರಿಗೆ, ಥಟ್ಟನೆ ತೂಕ ಇಳಿಸುವುದು ಇಂಥವು ಆದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಬಹುದು, ಅದು ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಬೈತಲೆ ಅಗಲವಾಗುತ್ತಿದ್ದರೆ, ದುಂಡಗೆ ಬೋಳಾಗುತ್ತಿದ್ದರೆ, ಅಥವಾ ಉದುರುವುದು ನಿಲ್ಲದೇ ಇದ್ದರೆ ಚರ್ಮವೈದ್ಯರ ಬಳಿ ಹೋಗಿ ಕಬ್ಬಿಣಾಂಶವನ್ನೂ ಥೈರಾಯ್ಡನ್ನೂ ನೋಡಿಸುವುದು ಎಲ್ಲ ಬಾಟಲಿಗಳಿಗಿಂತ ಮೇಲು.

ಕೊನೆಗೆ ಕತ್ತರಿಯ ವಿಚಾರ. ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬುದು ನಿಜವಲ್ಲ. ಕತ್ತರಿಸಿದ ಸುದ್ದಿ ನೆತ್ತಿಯೊಳಗಿನ ಬುಡಕ್ಕೆ ತಲುಪುವ ದಾರಿಯೇ ಇಲ್ಲ, ಬೋಳಿಸುವುದರಿಂದ ಕೂದಲು ದಪ್ಪವಾಗುವುದಿಲ್ಲವೆಂದು 1928ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಲಾಗಿದೆ. ಆದರೂ ಕತ್ತರಿ ಬೇಕು, ಏಕೆಂದರೆ ಒಮ್ಮೆ ಸೀಳಿದ ತುದಿಯನ್ನು ಅಂಟಿಸುವ ವಸ್ತು ಯಾವುದೂ ಇಲ್ಲ, ಮತ್ತು ಸೀಳು ಹಾಗೇ ಉಳಿದರೆ ಮೇಲಕ್ಕೆ ಏರುತ್ತ ಹೋಗುತ್ತದೆ. ಬಿಡುವಿನ ಹೊತ್ತಿನಲ್ಲಿ ಕಿಟಕಿಯ ಬಳಿ ಕೂತು, ಒಂದೊಂದು ಎಸಳು ಕೂದಲನ್ನು ತಿರುಚಿ ಹಿಡಿದು, ಹೊರಚಾಚಿದ ಕವಲುಗಳನ್ನು ಮಾತ್ರ ಹರಿತವಾದ ಚಿಕ್ಕ ಕತ್ತರಿಯಿಂದ ಸೀಳಿಗಿಂತ ತುಸು ಮೇಲಕ್ಕೆ ಕತ್ತರಿಸಿದರೆ ಉದ್ದ ಹೋಗುವುದಿಲ್ಲ. ವರ್ಷಕ್ಕೊಂದೆರಡು ಸಲ ಕೆಳಗಿನ ಅಂಚನ್ನು ಸಮ ಮಾಡಿಸಿದರೆ ಸಾಕಾಗುತ್ತದೆ. ಎಷ್ಟು ತೆಗೆಯಬೇಕೆಂಬುದಕ್ಕೆ ನಾನು ಅನುಸರಿಸುವ ಅಳತೆ ಹೀಗಿದೆ: ಜಡೆ ಹೆಣೆದು ಮುಂದಕ್ಕೆ ಹಾಕಿಕೊಂಡು, ಮೇಲಿನಿಂದ ಬೆರಳುಗಳಲ್ಲಿ ಹಿಡಿಯುತ್ತ ಇಳಿದರೆ ಒಂದು ಜಾಗದಲ್ಲಿ ಅದು ಹಠಾತ್ತನೆ ತೆಳುವಾಗುತ್ತದೆ. ಅಲ್ಲಿಂದ ಕೆಳಗಿರುವುದು ತನ್ನ ಅವಧಿಯ ಕೊನೆಗೆ ಬಂದ ಕೆಲವೇ ಕೂದಲು, ನೋಡುವವರಿಗೆ ಉದ್ದವೆಂದು ಕಂಡರೂ ದಿನದ ಸಿಕ್ಕಿನಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಅಲ್ಲೇ. ಆ ಜಾಗ ಪ್ರತಿವರ್ಷವೂ ಒಂದಿಷ್ಟು ಕೆಳಗಿಳಿಯುತ್ತಿದ್ದರೆ ಬೆಳೆಸುತ್ತ ಹೋಗಬಹುದು. ಎರಡು ವರ್ಷವಾದರೂ ಅದು ಅಲ್ಲಿಯೇ ನಿಂತಿದ್ದು, ಮುರಿದ ತುಂಡುಗಳೂ ಬಾಚಣಿಗೆಯಲ್ಲಿ ಕಾಣದಿದ್ದರೆ, ನಮ್ಮ ಕೂದಲಿನ ಉದ್ದ ಅಷ್ಟೇ ಎಂದು ಒಪ್ಪಿಕೊಂಡು ಅಲ್ಲಿಗೆ ಸಮನಾಗಿ ಕತ್ತರಿಸಿಕೊಳ್ಳುವುದು ಸರಿ.